ಎಫ್1 ಒತ್ತಿ ಮುಂದುವರಿಯಿರಿ

ಪೂರ್ತಿ ಕೆಟ್ಟ ಕಂಪ್ಯೂಟರಿನಿಂದ ಯಾರಿಗೂ ಅಂಥ ತೊಂದರೆಯಿಲ್ಲ. ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸಿದರೆ ಮುಗಿಯಿತು. ಜೀವ ತಿನ್ನುವುದು ಅರ್ಧ ಕೆಟ್ಟದ್ದು. ಬಟನ್ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಕಪ್ಪು ಪರದೆಯ ಮೇಲೆ ನಾಲ್ಕು ಬಣ್ಣದ ಬೆಳಕಿನ ಚುಕ್ಕಿಗಳು ತೇಲಿ ಬರುತ್ತವೆ. ಇನ್ನೇನು ನಾಲ್ಕೂ ಸೇರಿ ವಿಂಡೋಸ್ 7ರ ಬಾವುಟ ಆಗಬೇಕು, ಅಂತರಪಟ ಸರಿಸುವ ಹೊತ್ತಿಗೆ ಛತ್ರದ ಕರೆಂಟು ಹೋದ ಹಾಗೆ, ಪರದೆ ಒಮ್ಮೆ ನೀಲಿಯಾಗಿ ಮಿಂಚಿ ಕಪ್ಪಾಗುತ್ತದೆ. ಆಮೇಲೆ ಯಾರೂ ಏನೂ ಹೇಳದಿದ್ದರೂ ತಾನಾಗಿ ಮತ್ತೆ ಮೊದಲಿನಿಂದ ಶುರು. ಹೀಗೆ ಎಷ್ಟು ಹೊತ್ತು ಬೇಕಾದರೂ. ಬೇಸರವೇ ಇಲ್ಲ ಅದಕ್ಕೆ.

ಇದು ಶಿವಮೊಗ್ಗದಲ್ಲಿರುವ ನಮ್ಮ ಅಪ್ಪನ ಕಂಪ್ಯೂಟರ್. 2012ರಲ್ಲಿ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ಜೋಡಿಸಿಕೊಟ್ಟದ್ದು. ಎರಡನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆಗ ಅದನ್ನು ನೋಡಲು ಬೀದಿಯವರು ಬಂದಿದ್ದರು. ಬಡಾವಣೆಯ ಹಿರಿಯರ ಸಂಘದ ಸಭೆಯ ನಡಾವಳಿ, ಬೀದಿದೀಪದ ಅರ್ಜಿಗಳು, ನಮ್ಮ ಏಳು ತಲೆಮಾರಿನ ವಂಶಾವಳಿ, ಎಲ್ಲವನ್ನೂ ಅಪ್ಪ ಅದರಲ್ಲೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾರೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಿಂದ ಅಪ್‌ಡೇಟ್ ಬರುವುದು ನಿಂತಿತು ಅಂತ ಹೇಳಿದಾಗ ಅವರಿಗೆ ಖುಷಿಯೇ ಆಗಿತ್ತು. "ಒಳ್ಳೇದಾಯ್ತು ಬಿಡು. ಆಫ್ ಮಾಡೋಕೆ ಹೋದಾಗೆಲ್ಲ ಕಾಯಿಸ್ತಿತ್ತು."

ಈ ಸಲ ನಾನು ಊರಿಗೆ ಹೋಗುವಷ್ಟರಲ್ಲಿ ರೋಗಿಯ ಸುತ್ತ ಆಗಲೇ ತಜ್ಞರ ಸಮಿತಿ ಸೇರಿತ್ತು. ಒಂದು ವಿಷಯ ಗಮನಿಸಿದ್ದೀರಾ? ಕೆಟ್ಟ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರಿಗೂ ಕಾಣುವುದು ಅವರವರಿಗೆ ಗೊತ್ತಿರುವ ಕಾಯಿಲೆ ಮಾತ್ರ. ಎದುರು ಮನೆಯ ರಾಯರು ಕರೆಂಟ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಟೆಸ್ಟರ್ ಹಿಡಿದುಕೊಂಡೇ ಬಂದಿದ್ದರು. ಸಾಕೆಟ್ಟಿಗೆ ಚುಚ್ಚಿ, ಕ್ಯಾಬಿನೆಟ್ಟಿಗೆ ಮುಟ್ಟಿಸಿ, "ಅರ್ಥಿಂಗ್ ಸರಿಯಿಲ್ಲ" ಅಂದರು. ಅವರ ಪ್ರಕಾರ ಈ ದೇಶದ ಮುಕ್ಕಾಲು ಪಾಲು ಸಮಸ್ಯೆಗಳಿಗೆ ಅರ್ಥಿಂಗೇ ಕಾರಣ. ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಕುರ್ಚಿಯಿಂದ ಏಳದೇ, "ಮಾವ, ಎಸ್‌ಎಸ್‌ಡಿ ಹಾಕಿ ವಿಂಡೋಸ್ 11 ಮಾಡಿಬಿಡೋಣ" ಅಂದ. ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಅದಕ್ಕಿಂತ ಚುರುಕಾದ ಡಿಸ್ಕು. ಆ ವಿಂಡೋಸ್ 11 ಬೇಡುವುದು ಎಂಟನೇ ಅಥವಾ ಅದರ ನಂತರದ ತಲೆಮಾರಿನ ಇಂಟೆಲ್ ಪ್ರೊಸೆಸರ್. ನಮ್ಮದು ಎರಡನೆಯದು. ನಡುವೆ ಐದು ತಲೆಮಾರು ಬಿಟ್ಟುಹೋಗಿದೆ ಅಂದರೆ, ನಮ್ಮ ವಂಶಾವಳಿಯಲ್ಲೇ ಹೆಚ್ಚು ಕಡಿಮೆ ಮುತ್ತಜ್ಜನ ಅಜ್ಜನವರೆಗೆ ಹೋಗಬೇಕು.

ಅಮ್ಮ ಮಾತ್ರ ಒಂದೇ ಮಾತಿಗೆ ನಿಂತಿದ್ದರು. "ಆಯುಧಪೂಜೆಗೆ ಕಾರಿಗೆ, ಸ್ಕೂಟರಿಗೆ, ಮಿಕ್ಸಿಗೆ ಎಲ್ಲಾ ನಿಂಬೆಹಣ್ಣು ಇಟ್ರಿ. ಇದಕ್ಕೆ ಬರೀ ಕುಂಕುಮ. ಇನ್ನೇನಾಗುತ್ತೆ?"

ಕುಂಕುಮದ ಮಾತು ಸುಳ್ಳಲ್ಲ. ಪಕ್ಕದ ತಗಡು ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳ ಮೇಲೆ ವರ್ಷಾನುವರ್ಷದ ಅರಿಶಿನ ಕುಂಕುಮ ಪದರ ಪದರವಾಗಿ ಕೂತಿತ್ತು. ಒಣಗಿದ ಸೇವಂತಿಗೆ ಎಸಳು, ಎರಡು ಹಲ್ಲಿ ಮೊಟ್ಟೆಯ ಚಿಪ್ಪು, ಮಂತ್ರಾಕ್ಷತೆ. ಮದರ್‌ಬೋರ್ಡಿನ ಕೆಪಾಸಿಟರುಗಳು ಮಾತ್ರ ನೆಟ್ಟಗೆ ನಿಂತಿದ್ದವು. ಅದಕ್ಕೂ ಹಿಂದಿನ ಕಾಲದ ಬೋರ್ಡುಗಳಲ್ಲಿ ಇವು ತಲೆ ಉಬ್ಬಿಸಿಕೊಂಡು ಕಂದು ರಸ ಸೋರಿಸುತ್ತಿದ್ದವು. ಆಗಲೂ ಕಂಪ್ಯೂಟರ್ ಹೀಗೇ ಮತ್ತೆ ಮತ್ತೆ ಏಳುತ್ತಿತ್ತು. ಇಲ್ಲಿ ಅದಲ್ಲ.

ಆಮೇಲೆ ರಬ್ಬರ್. ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಉಫ್ ಅಂತ ಊದಿ ಹಾಕುವುದು ನಮ್ಮಲ್ಲಿ ಮನೆಮದ್ದು. ನಗಬೇಡಿ, ಎಷ್ಟೋ ಸಲ ಕೆಲಸ ಮಾಡುತ್ತದೆ. ಆ ಅಂಚಿನಲ್ಲಿ ಕೊಳೆ ಕೂತು ಸಂಪರ್ಕ ಕೆಟ್ಟರೆ ಕಂಪ್ಯೂಟರ್ ಏಳುವುದೇ ಇಲ್ಲ, ಎದ್ದರೂ ನಿಲ್ಲುವುದಿಲ್ಲ. ಮನೆಯಲ್ಲಿ ಸಿಕ್ಕಿದ್ದು ನನ್ನ ಮಗಳ ಸ್ಟ್ರಾಬೆರಿ ವಾಸನೆಯ ರಬ್ಬರ್. ಶ್ರದ್ಧೆಯಿಂದ ಉಜ್ಜಿ ಹಾಕಿದೆ. ಚುಕ್ಕಿಗಳು ಬಂದವು, ನೀಲಿ ಮಿಂಚಿತು, ಕಪ್ಪಾಯಿತು. ವ್ಯತ್ಯಾಸ ಇಷ್ಟೇ: ಈಗ ರೀಸ್ಟಾರ್ಟ್ ಆದಾಗೆಲ್ಲ ಹಿಂದಿನ ಫ್ಯಾನಿನಿಂದ ಐಸ್‌ಕ್ರೀಂ ಅಂಗಡಿಯ ವಾಸನೆ ಬರುತ್ತಿತ್ತು.

ಅಷ್ಟರಲ್ಲಿ ಅಪ್ಪ ಫೋನ್ ಮಾಡಿ ಕರೆಸಿದ್ದ ಅಂಗಡಿಯ ಹುಡುಗ ಬಂದ. ಹೆಲ್ಮೆಟ್ ತೆಗೆಯಲಿಲ್ಲ. ಒಂದು ಸಲ ರೀಸ್ಟಾರ್ಟ್ ಆಗುವುದನ್ನು ನಿಂತು ನೋಡಿ, "ಫಾರ್ಮ್ಯಾಟ್ ಮಾಡ್ಬೇಕು ಸಾರ್" ಅಂದ. ಮೌಸ್ ಕೆಟ್ಟರೂ ಈ ಹುಡುಗರು ಹೇಳುವುದು ಅದನ್ನೇ. "ನಿಮ್ ಡೇಟಾ ಸಿ ಡ್ರೈವಲ್ಲಿದ್ಯಾ, ಡಿ ಡ್ರೈವಲ್ಲಿದ್ಯಾ?"

"ಸಿ, ಡಿ ಎಲ್ಲ ನಂಗೊತ್ತಿಲ್ಲಪ್ಪ," ಅಂದರು ಅಪ್ಪ. "ಆನ್ ಮಾಡಿದ್ರೆ ಎದುರಿಗೇ ಕಾಣ್ತಾ ಇರುತ್ತೆ."

ಅಂದರೆ ಎಲ್ಲವೂ ಡೆಸ್ಕ್‌ಟಾಪಿನಲ್ಲಿದೆ. ಅಂದರೆ ಸಿ ಡ್ರೈವಿನಲ್ಲಿ. ಅಂದರೆ ಫಾರ್ಮ್ಯಾಟ್ ಮಾಡಿದರೆ ಏಳು ತಲೆಮಾರಿಗೂ ಒಂದೇ ಸಲ ತರ್ಪಣ. ಹುಡುಗನಿಗೆ ಕಾಫಿ ಕೊಟ್ಟು ಕಳಿಸಿದೆವು.

ಕಂಪ್ಯೂಟರ್ ತಾನೂ ಒಂದು ಪ್ರಯತ್ನ ಮಾಡಿತು ಅನ್ನಿ. ಒಮ್ಮೆ ಸರಿಯಾಗಿ ಏಳದಿದ್ದರೆ ವಿಂಡೋಸ್ 7 ಮುಂದಿನ ಸಲ 'ಸ್ಟಾರ್ಟಪ್ ರಿಪೇರ್' ಬೇಕೇ ಅಂತ ಕೇಳುತ್ತದೆ. ಬೇಕು ಅಂದೆವು. ಹಸಿರು ಪಟ್ಟಿ ಎಡದಿಂದ ಬಲಕ್ಕೆ ಓಡಿತು. ಊಟ ಮಾಡಿ ಬಂದರೂ ಓಡುತ್ತಿತ್ತು. ಕೊನೆಗೆ, ಈ ಕಂಪ್ಯೂಟರನ್ನು ತಾನಾಗಿ ರಿಪೇರಿ ಮಾಡಲು ಆಗುವುದಿಲ್ಲ, ಬೇಕಾದರೆ ಸಮಸ್ಯೆಯ ವಿವರವನ್ನು ಕಳಿಸಿಕೊಡುತ್ತೇನೆ ಎಂದಿತು. ವಿವರ ನಮಗೇ ಬೇಕಾಗಿತ್ತು.

ಬೇಕೇ ಬೇಕಾದಷ್ಟು ಮಾತ್ರ ಇಟ್ಟುಕೊಂಡು ವಿಂಡೋಸ್ ಏಳುವ ಸೇಫ್ ಮೋಡಿಗೆ ಹೋದೆವು. ಅಲ್ಲಿ ಫೈಲುಗಳ ಹೆಸರು ಸಾಲಾಗಿ ಇಳಿದು ಬಂದು 'ಕ್ಲಾಸ್‌ಪಿಎನ್‌ಪಿ ಡಾಟ್ ಸಿಸ್' ಅನ್ನುವ ಹೆಸರಿಗೆ ನಿಂತು, ಮತ್ತೆ ರೀಸ್ಟಾರ್ಟ್. ಅಕ್ಕನ ಮಗ ಫೋನಿನಲ್ಲಿ ಹುಡುಕಿ, "ಮಾವ, ಕಲ್ಪ್ರಿಟ್ ಸಿಕ್ಕ! ಪ್ರಪಂಚದ ತುಂಬ ಜನ ಇದೇ ಫೈಲಲ್ಲಿ ಸಿಕ್ಕಿಹಾಕ್ಕೊಂಡಿದಾರೆ" ಅಂದ. ಪಾಪದ ಫೈಲು. ಅದು ಸರಿಯಾಗಿ ಲೋಡ್ ಆದದ್ದಕ್ಕೇ ಅದರ ಹೆಸರು ಪರದೆಗೆ ಬಂದಿದ್ದು. ಎಡವಟ್ಟಾಗುವುದು ಅದಾದ ಮೇಲೆ, ವಿಂಡೋಸ್ ಹಾರ್ಡ್ ಡಿಸ್ಕಿಗೆ ಕೈ ಹಾಕುವಾಗ. ಕೊನೆಗೆ ಕಂಡವನನ್ನೇ ಕಳ್ಳ ಅಂದರೆ ಹೇಗೆ?

ನಿಜವಾದ ಸಾಕ್ಷಿ ಆ ನೀಲಿ ಪರದೆ. ಅದರಲ್ಲಿ ಕಾಯಿಲೆಯ ಹೆಸರು, ನಂಬರು ಎಲ್ಲ ಬರೆದಿರುತ್ತದೆ. ಆದರೆ ಕುಸಿದು ಬಿದ್ದ ಕೂಡಲೇ ತಾನಾಗಿ ರೀಸ್ಟಾರ್ಟ್ ಆಗಬೇಕು ಅನ್ನುವ ಏರ್ಪಾಡು ವಿಂಡೋಸಿನಲ್ಲಿ ಮೊದಲೇ ಇರುತ್ತದೆ. ಹಾಗಾಗಿ ಆ ಕಾಗದ ಕಣ್ಣಿಗೆ ಬೀಳುವುದು ರೆಪ್ಪೆ ಬಡಿಯುವಷ್ಟು ಹೊತ್ತು. ಕೆಟ್ಟ ಸುದ್ದಿಯನ್ನು ಇಷ್ಟು ಬೇಗ ಮುಚ್ಚಿಡಬೇಕು ಅಂತ ಯಾರಿಗೆ ಹೊಳೆಯಿತೋ. ಅಕ್ಕನ ಮಗ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿದ. ಅದರಲ್ಲಿ ಅರ್ಧ ನೀಲಿ, ಅರ್ಧ ಕಪ್ಪು, ನಡುವೆ ಟಾರ್ಚ್ ಹಿಡಿದ ಅಪ್ಪನ ಪ್ರತಿಬಿಂಬ. ಅವನಿಗೆ ಅದು ರೀಲ್ಸಿಗೆ ಚೆನ್ನಾಗಿದೆ ಅನ್ನಿಸಿತು. ನನಗೆ ಒಂದಕ್ಷರ ಕಾಣಲಿಲ್ಲ.

ಇದಕ್ಕೆ ಸರಿಯಾದ ದಾರಿ ಎಫ್8. ಬಟನ್ ಒತ್ತಿ, ಚುಕ್ಕಿಗಳು ಬರುವುದಕ್ಕೆ ಮೊದಲೇ ಎಫ್8 ಅನ್ನು ಟಕಟಕ ಕುಟ್ಟುತ್ತಿರಬೇಕು. ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದರ ಕೆಳಗೆಲ್ಲೋ, ಕುಸಿದರೆ ತಾನಾಗಿ ರೀಸ್ಟಾರ್ಟ್ ಆಗಬೇಡ ಅನ್ನುವ ಆಯ್ಕೆ ಇರುತ್ತದೆ. ಅದನ್ನು ಒತ್ತಿದೆ. ಈ ಸಲ ನೀಲಿ ಪರದೆ ಬಂದು ಓಡಿಹೋಗದೆ ನಿಂತಿತು. ಸೊನ್ನೆಗಳ ಉದ್ದ ಸಾಲು, ಅದರ ಕೊನೆಯಲ್ಲಿ 7ಬಿ. ಅರ್ಥ: ವಿಂಡೋಸ್ ಇರುವ ಡಿಸ್ಕನ್ನು ವಿಂಡೋಸಿಗೇ ತಲುಪಲು ಆಗುತ್ತಿಲ್ಲ.

"ಡಿಸ್ಕ್ ಸತ್ತಿದೆ," ಅಂದ ಅಕ್ಕನ ಮಗ, ಎಸ್‌ಎಸ್‌ಡಿ ಕೊಳ್ಳುವ ಉತ್ಸಾಹದಲ್ಲಿ.

ಡಿಲೀಟ್ ಕೀ ಒತ್ತಿ ಬಯಾಸಿಗೆ, ಅಂದರೆ ವಿಂಡೋಸಿಗಿಂತ ಮೊದಲೇ ಎದ್ದು ಕಂಪ್ಯೂಟರನ್ನು ಎಬ್ಬಿಸುವ ಮದರ್‌ಬೋರ್ಡಿನ ತಂತ್ರಾಂಶಕ್ಕೆ, ಹೋಗಿ ನೋಡಿದರೆ ಡಿಸ್ಕ್ ಗಟ್ಟಿಮುಟ್ಟಾಗಿ ಅಲ್ಲೇ ಇದೆ. ಅದರ ಹೆಸರೂ ಕಾಣುತ್ತಿದೆ. ಮೇಲಿನ ಮೂಲೆಯಲ್ಲಿ ದಿನಾಂಕ: ಜನವರಿ 1, 2011. ಕಂಪ್ಯೂಟರ್ ನಮ್ಮ ಮನೆಗೆ ಬರುವುದಕ್ಕೆ ಒಂದು ವರ್ಷ ಮೊದಲು.

"ಅಪ್ಪ, ಇದರಲ್ಲಿ ಡೇಟು ಯಾಕೆ ಹೀಗಿದೆ?"

"ಅದಾ? ಬೆಳಿಗ್ಗೆ ಆನ್ ಮಾಡಿದ ಕೂಡಲೇ ಇಂಗ್ಲಿಷಲ್ಲಿ ಏನೋ ನಾಲ್ಕು ಸಾಲು ಬರುತ್ತೆ. ಕೊನೆಗೆ ಎಫ್1 ಒತ್ತಿ ಮುಂದುವರಿಯಿರಿ ಅಂತಿರುತ್ತೆ. ಒತ್ತುತ್ತೀನಿ. ಆಮೇಲೆ ಈ ಗಲಾಟೆ ಶುರುವಾಗುತ್ತೆ."

"ಇಷ್ಟು ಜನ ತಲೆ ಕೆಡಿಸ್ಕೊಂಡಿದೀವಿ. ಇದನ್ನ ಯಾಕೆ ಹೇಳ್ಲಿಲ್ಲ?"

"ನೀವ್ಯಾರೂ ಕೇಳ್ಲಿಲ್ಲ. ಅದು ಕೇಳ್ತು, ಅದಕ್ಕೆ ಒತ್ತಿದೆ."

ಅಲ್ಲಿಗೆ ಗಂಟು ಬಿಚ್ಚಿತು. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದ ಹಾಗಿರುವ ಸೆಲ್ ಇರುತ್ತದೆ. ದಿನಾಂಕ, ಸಮಯ, ಬಯಾಸಿನ ಸೆಟ್ಟಿಂಗುಗಳು ನೆನಪಿರುವುದು ಅದರ ದಯೆಯಿಂದ. ಆದರೆ ಪ್ಲಗ್ ಗೋಡೆಯಲ್ಲಿದ್ದು ಸ್ವಿಚ್ ಆನ್ ಇರುವಷ್ಟು ಕಾಲ ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಒಳಗೆ ಕರೆಂಟು ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್ಸಿನಿಂದ ಸಣ್ಣ ಕರೆಂಟು ಬರುತ್ತಲೇ ಇರುತ್ತದೆ. ಆಗ ಸೆಲ್ಲಿಗೆ ಕೆಲಸವೇ ಇಲ್ಲ. ಸತ್ತಿದ್ದರೂ ಗೊತ್ತಾಗುವುದಿಲ್ಲ. ಅಪ್ಪ ಗೋಡೆಯ ಸ್ವಿಚ್ಚನ್ನು ಆರಿಸುವವರಲ್ಲ. ಈ ಸೆಲ್ ಯಾವತ್ತೋ ಸತ್ತು, ಸದ್ದಿಲ್ಲದೆ ಕೂತಿತ್ತು.

ಹಾಗಾದರೆ ಪ್ಲಗ್ ಕಿತ್ತವರು ಯಾರು?

ನಮ್ಮಮ್ಮ ಹವಾಮಾನ ವರದಿ ನೋಡುವುದಿಲ್ಲ, ಪಂಚಾಂಗ ನೋಡುತ್ತಾರೆ. ಭರಣಿ ಮಳೆ ಹುಟ್ಟಿತು ಅಂದರೆ ಸಂಜೆ ಗುಡುಗು ಸಿಡಿಲು ಗ್ಯಾರಂಟಿ. ಅವತ್ತಿನಿಂದ ದಿನಾ ರಾತ್ರಿ ಮಲಗುವ ಮುಂಚೆ ಟಿವಿ, ಫ್ರಿಜ್, ವಾಷಿಂಗ್ ಮಷೀನ್ ಎಲ್ಲದರ ಪ್ಲಗ್ಗೂ ಕಿತ್ತು ಇಡುತ್ತಾರೆ. ಹೋದ ವರ್ಷ ಪಕ್ಕದ ಬೀದಿಯಲ್ಲಿ ಸಿಡಿಲಿಗೆ ಎರಡು ಟಿವಿ ಸುಟ್ಟದ್ದರಿಂದ ಈ ಸಲ ಕಂಪ್ಯೂಟರೂ ಪಟ್ಟಿಗೆ ಸೇರಿತ್ತು. ಪ್ಲಗ್ ಹೋಯಿತು, ಸೆಲ್ ಮೊದಲೇ ಇಲ್ಲ, ಬಯಾಸಿಗೆ ಪೂರ್ತಿ ಮರೆವು. ಬೆಳಿಗ್ಗೆ ಎದ್ದು ತಾನು ಕಾರ್ಖಾನೆಯಿಂದ ಈಗ ತಾನೇ ಬಂದಿದ್ದೇನೆ ಅಂದುಕೊಂಡಿತು. ಸೆಟ್ಟಿಂಗುಗಳನ್ನೆಲ್ಲ ಕಾರ್ಖಾನೆಯಲ್ಲಿದ್ದ ಹಾಗೆ ಇಟ್ಟುಕೊಂಡಿತು. 2012ರಲ್ಲಿ ಅಂಗಡಿಯವರು ಹಾರ್ಡ್ ಡಿಸ್ಕನ್ನು ಎಎಚ್‌ಸಿಐ ಅನ್ನುವ ಕ್ರಮದಲ್ಲಿ ಇಟ್ಟು ವಿಂಡೋಸ್ ಹಾಕಿದ್ದರು. ಈಗ ಅದು ಹಳೆಯ ಐಡಿಇ ಕ್ರಮಕ್ಕೆ ಮರಳಿತ್ತು. ಆ ಭಾಷೆಯಲ್ಲಿ ಡಿಸ್ಕಿನ ಜೊತೆ ಮಾತಾಡುವ ಡ್ರೈವರನ್ನು ನಮ್ಮ ವಿಂಡೋಸ್ ಎಂದೋ ಪಕ್ಕಕ್ಕಿಟ್ಟಿತ್ತು. ಹಾಗಾಗಿ ಕರೆಯುವುದು, ಉತ್ತರ ಸಿಗದೆ ಬೀಳುವುದು, ಮತ್ತೆ ಏಳುವುದು.

ಸೆಲ್ಲಿನ ಹೆಸರು ಸಿಆರ್2032. ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಹೆಸರಿನಲ್ಲೇ ಅಳತೆ ಇದೆ. ನನಗಂತೂ ಈ ಥರ ಹೆಸರಿಡುವವರ ಮೇಲೆ ಬಹಳ ಗೌರವ. ಕಂಪ್ಯೂಟರ್ ಅಂಗಡಿಗೆ ಹೋದರೆ ಮತ್ತೆ ಫಾರ್ಮ್ಯಾಟ್ ಮಾತು ಬರುತ್ತದೆ ಅಂತ ಗಾಂಧಿ ಬಜಾರಿನ ವಾಚ್ ರಿಪೇರಿ ಅಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರು ಕಣ್ಣಿಗೆ ಸಿಕ್ಕಿಸಿದ್ದ ಭೂತಗಾಜು ತೆಗೆಯದೆ, "ಕಾರ್ ಕೀಗಾ, ತೂಕದ ಮಷೀನಿಗಾ?" ಅಂದರು.

"ಕಂಪ್ಯೂಟರಿಗೆ."

ಭೂತಗಾಜು ಇಳಿಯಿತು. "ಇಷ್ಟು ಸೆಲ್ಲಲ್ಲಿ ಕಂಪ್ಯೂಟರ್ ನಡೆಯುತ್ತಾ?"

40 ರೂಪಾಯಿ ಕೊಟ್ಟು ಬಂದೆ.

ಸೆಲ್ ಹಾಕಿ, ದಿನಾಂಕ ಸರಿಮಾಡಿ, ಸಾಟಾ ಮೋಡನ್ನು (ಡಿಸ್ಕಿನ ಆ ಕ್ರಮವನ್ನು) ಎಎಚ್‌ಸಿಐಗೆ ಬದಲಿಸಿ, ಎಫ್10 ಒತ್ತಿ ಎಂಟರ್ ಕೊಟ್ಟೆ. ನಾಲ್ಕು ಚುಕ್ಕಿಗಳು ಬಂದವು. ಒಂದಾದವು. ಡೆಸ್ಕ್‌ಟಾಪ್ ತೆರೆಯಿತು. ಐಕಾನುಗಳ ಸಂತೆಯ ಹಿಂದೆ ಜೋಗದ ಒಂದು ಕವಲು ಮಾತ್ರ ಕಾಣುತ್ತಿತ್ತು. ಉಳಿದ ಮೂರು ಕವಲು ಬೀದಿದೀಪದ ಅರ್ಜಿಗಳ ಕೆಳಗೆ.

ನನಗೆ ಒಂದು ಶಹಭಾಸ್ ಸಿಗಬಹುದು ಅಂತಿದ್ದೆ. ಸಮಿತಿ ಬೇರೆ ತೀರ್ಮಾನಕ್ಕೆ ಬಂದಿತ್ತು. ರಾಯರು ಹೇಳಿದರು: "ಅರ್ಥಿಂಗ್ ಸರಿಯಿದ್ದಿದ್ರೆ ನಿಮ್ಮಮ್ಮನಿಗೆ ಸಿಡಿಲಿನ ಭಯ ಇರ್ತಿರಲಿಲ್ಲ. ಭಯ ಇಲ್ಲದಿದ್ರೆ ಪ್ಲಗ್ ಕೀಳ್ತಿರಲಿಲ್ಲ. ನಾನು ಮೊದಲೇ ಹೇಳಿದ್ದೆ." ತರ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅಮ್ಮ ಮಾತಾಡದೆ ಕ್ಯಾಬಿನೆಟ್ಟಿನ ಹಿಂದೆ ಬೆರಳು ತೋರಿಸಿದರು. ನಾನು ಗಾಂಧಿ ಬಜಾರಿಗೆ ಹೋದಾಗ ಇಟ್ಟಿದ್ದ ಅರ್ಧ ನಿಂಬೆಹಣ್ಣು, ಕುಂಕುಮ ಸಮೇತ. ಅಕ್ಕನ ಮಗ, "ಎಸ್‌ಎಸ್‌ಡಿ ಇದ್ದಿದ್ರೆ ಇನ್ನೂ ಬೇಗ ಆನ್ ಆಗ್ತಿತ್ತು" ಅಂದ.

ಮತ್ತೆ ಕೈ ಕೊಡುವ ಮುಂಚೆ ಅಪ್ಪನ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ. ಬಂದಿವೆಯೋ ಇಲ್ಲವೋ ನೋಡೋಣ ಅಂತ ನನ್ನ ಲ್ಯಾಪ್‌ಟಾಪಿನಲ್ಲಿ ವಂಶಾವಳಿಯನ್ನು ತೆರೆದೆ. ಹಳೆಯ ನುಡಿ ಫಾಂಟುಗಳು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಮಾಡಿದವು. ಫಾಂಟ್ ಇಲ್ಲದ ಕಡೆ ಅವು ವೇಷ ಕಳಚುತ್ತವೆ. ನನ್ನ ಪರದೆಯ ತುಂಬ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಎಲ್ಲೆಲ್ಲಿ 'ನ' ಇರಬೇಕೋ ಅಲ್ಲೆಲ್ಲ ಪೌಂಡಿನ ಚಿಹ್ನೆ. ನಾರಾಯಣ, ಜನಾರ್ದನ, ಅನಂತ ಅಂತ ಹೆಸರಿದ್ದ ನಮ್ಮ ಅಜ್ಜಂದಿರೆಲ್ಲ ಸತ್ತ ಮೇಲೆ ಪೌಂಡುಗಟ್ಟಲೆ ಶ್ರೀಮಂತರಾಗಿದ್ದರು.

ಅಪ್ಪ ಕನ್ನಡಕ ಮೇಲೇರಿಸಿ ನನ್ನ ಪರದೆ ನೋಡಿದರು. ತಿರುಗಿ ತಮ್ಮದನ್ನು ನೋಡಿದರು. ಅಲ್ಲಿ ಏಳು ತಲೆಮಾರೂ ಅಚ್ಚುಕಟ್ಟಾಗಿ ಕೂತಿತ್ತು.

"ನಿಂದು ಕೆಟ್ಟಿದೆ," ಅಂದರು. "ಹೋಗ್ತಾ ಆ ವಾಚ್ ಅಂಗಡೀಲಿ ಒಂದು ಸೆಲ್ ಹಾಕಿಸ್ಕೊಂಡು ಹೋಗು."