ಚುನಾವಣೆ ಬರುತ್ತಿದೆ, ದಾರಿ ಬಿಡಿ

ನಮ್ಮ ಮನೆ ಕಟ್ಟಿದ ಜಾಗದಲ್ಲೇ ಇದೆ. ಗೇಟಿಗೆ ಒಮ್ಮೆ ಬಣ್ಣ ಬಳಿಸಿಕೊಂಡದ್ದು ಬಿಟ್ಟರೆ ಅದು ಯಾವ ಸಾಹಸಕ್ಕೂ ಕೈ ಹಾಕಿಲ್ಲ. ವಾರ್ಡ್ ಮಾತ್ರ ಸುಮ್ಮನೆ ಕೂತಿಲ್ಲ. ಬೆಂಗಳೂರಿಗೆ 198 ವಾರ್ಡುಗಳಿದ್ದ ಕಾಲದಲ್ಲಿ ನಮಗೊಂದು ಸಂಖ್ಯೆ ಇತ್ತು. ಬಿಜೆಪಿಯವರು ಅದನ್ನು 243 ಮಾಡಿದಾಗ ಇನ್ನೊಂದು ಬಂತು, ಕಾಂಗ್ರೆಸ್ಸಿನವರು 225ಕ್ಕೆ ಇಳಿಸಿದಾಗ ಮತ್ತೊಂದು. ಈಗ ಊರನ್ನೇ ಐದು ಪಾಲಿಕೆಗಳಾಗಿ ಕತ್ತರಿಸಿ 369 ಮಾಡಿದ್ದಾರೆ, ಹಾಗಾಗಿ ಮಗದೊಂದು. ಇಷ್ಟು ಗಡಿ ಎಳೆದು ಅಳಿಸಿದವರಿಗೆ ಪುರಸೊತ್ತು ಸಿಗದ ಕೆಲಸ ಒಂದೇ: ಚುನಾವಣೆ ನಡೆಸುವುದು.

ಬೆಂಗಳೂರಿಗರು ಪಾಲಿಕೆಗೆ ಕೊನೆಯ ಸಲ ಮತ ಹಾಕಿದ್ದು 2015ರ ಆಗಸ್ಟಿನಲ್ಲಿ. ಆಗ ಗೆದ್ದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಸಂವಿಧಾನದ ಪುಸ್ತಕವನ್ನು ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುವ ಪಕ್ಷವೂ ನಮ್ಮಲ್ಲಿದೆ, ಸಂವಿಧಾನಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸುವ ಪಕ್ಷವೂ ಇದೆ. ಇಬ್ಬರ ಪ್ರತಿಯಲ್ಲೂ ಆ ಪುಟ ಹರಿದಿರಬೇಕು.

ಈ ಒಗ್ಗಟ್ಟನ್ನು ಮಾತ್ರ ಮೆಚ್ಚಲೇಬೇಕು. ಕಾವೇರಿ ನೀರಿನ ವಿಷಯದಲ್ಲೂ ಒಂದೇ ದನಿಯಲ್ಲಿ ಮಾತನಾಡಲಾರದ ಮಂದಿ ಇವರು. ಒಬ್ಬರು ನಿಂತರೆ ಇನ್ನೊಬ್ಬರು ಸಭಾತ್ಯಾಗ ಮಾಡುತ್ತಾರೆ. ಪಾಲಿಕೆ ಚುನಾವಣೆ ಎಂದೊಡನೆ ಎಲ್ಲರಿಗೂ ಒಂದೇ ಕೆಮ್ಮು ಬರುತ್ತದೆ. 2020ರ ಡಿಸೆಂಬರಿನಲ್ಲಿ ಹೈಕೋರ್ಟು, ಇರುವ 198 ವಾರ್ಡುಗಳಿಗೇ ಬೇಗ ಚುನಾವಣೆ ನಡೆಸಿ ಎಂದಿತು. ಅಂದಿನ ಬಿಜೆಪಿ ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿ ತಡೆಯಾಜ್ಞೆ ತಂದಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಅದಾದ ಮೇಲೆ ಮೀಸಲಾತಿ ಪಟ್ಟಿ, ಪಟ್ಟಿಯ ಮೇಲೆ ತಕರಾರು, ತಕರಾರಿನ ಮೇಲೆ ವಿಚಾರಣೆ. ಪ್ರಜಾಪ್ರಭುತ್ವದ ಕಗ್ಗೊಲೆ ಎಂದು ಕಾಂಗ್ರೆಸ್ಸಿನವರು ಆಗ ಗಂಟಲು ಹರಿದುಕೊಂಡರು. 2023ರ ಮೇ ತಿಂಗಳಿನಲ್ಲಿ 135 ಸ್ಥಾನ ಗೆದ್ದು ವಿಧಾನಸೌಧಕ್ಕೆ ಬಂದರು. ಬಂದವರೇ ಮತ್ತೊಂದು ಮರುವಿಂಗಡಣೆಗೆ ಕೂತರು. ಈಗ ಪ್ರಜಾಪ್ರಭುತ್ವದ ಕಗ್ಗೊಲೆ ಎಂದು ಹೇಳುವ ಸರದಿ ಬಿಜೆಪಿಯದು. ಘೋಷಣೆಯ ಬ್ಯಾನರ್ ಒಂದೇ ಸಾಕು, ಸರದಿಯ ಮೇಲೆ ಎರಡೂ ಕಚೇರಿಗಳು ಹಂಚಿಕೊಳ್ಳಬಹುದು.

ಹಳ್ಳಿಯವರು ನಮ್ಮನ್ನು ನೋಡಿ ನಗಬೇಕಾಗಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಮತ ಹಾಕಿದ್ದು 2016ರಲ್ಲಿ. 2021ರಿಂದ ಅಲ್ಲಿಯೂ ಅಧ್ಯಕ್ಷರ ಕುರ್ಚಿಯ ಮೇಲೆ ಧೂಳು ಕೂತಿದೆ.

ಇದೇನೂ ಹೊಸ ರೋಗವಲ್ಲ. 2006ರ ನವೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಅವಧಿ ಮುಗಿದಾಗಲೂ ಮತ್ತೆ ಮತಗಟ್ಟೆ ಕಂಡದ್ದು 2010ರ ಮಾರ್ಚಿನಲ್ಲಿ. ನಡುವೆ ಜೆಡಿಎಸ್–ಬಿಜೆಪಿಯ ಇಪ್ಪತ್ತು ತಿಂಗಳ ಸಂಸಾರ ಮುರಿಯಿತು, ರಾಷ್ಟ್ರಪತಿ ಆಳ್ವಿಕೆ ಬಂದು ಹೋಯಿತು, ಬಿಜೆಪಿ ಸ್ವಂತ ಸರ್ಕಾರವನ್ನೂ ಮಾಡಿತು. ಆ ಮೂರು ಚಿಲ್ಲರೆ ವರ್ಷ ಕಾರ್ಪೊರೇಟರ್ ಇಲ್ಲದೆಯೂ ಊರು ಮುಳುಗಲಿಲ್ಲ ಎಂಬುದನ್ನು ನಮ್ಮ ಶಾಸಕರು ಬಹಳ ಸಂತೋಷದಿಂದ ಗಮನಿಸಿರಬೇಕು. ಕಾರ್ಪೊರೇಟರ್ ಎಂದರೆ ಶಾಸಕರ ಪಾಲಿಗೆ ನಾಳಿನ ಪ್ರತಿಸ್ಪರ್ಧಿ, ಇಂದಿನ ಪಾಲುದಾರ. ಚರಂಡಿಯ ಕಾಮಗಾರಿ, ದೀಪದ ಕಂಬ, ಉದ್ಯಾನದ ಬೆಂಚು, ಎಲ್ಲದರ ಗುದ್ದಲಿ ಪೂಜೆಯನ್ನೂ ಒಬ್ಬರೇ ಮಾಡುವ ಸುಖ ಇರುವಾಗ ಇನ್ನೊಬ್ಬರ ಕೈಗೆ ಗುದ್ದಲಿಯನ್ನು ಯಾರು ತಾನೇ ಕೊಡುತ್ತಾರೆ?

ಇನ್ನು, ನಾವು ಮತ ಹಾಕಿದ ಸಲವಾದರೂ ಏನಾಯಿತು? 2015ರಲ್ಲಿ 198ರ ಪೈಕಿ ಬಿಜೆಪಿಗೆ ಸರಿಯಾಗಿ ನೂರು ಬಂತು, ಕಾಂಗ್ರೆಸ್ಸಿಗೆ 76, ಜೆಡಿಎಸ್‌ಗೆ 14. ಲೆಕ್ಕ ಬಲ್ಲವರು ಬಿಜೆಪಿಯ ಮೇಯರ್ ಎಂದುಕೊಂಡರು. ಆದರೆ ಶಾಸಕರು, ಸಂಸದರು, ಪರಿಷತ್ ಸದಸ್ಯರು ಎಲ್ಲರೂ ಮೇಯರ್ ಆಯ್ಕೆಗೆ ಮತ ಹಾಕಬಹುದಾದ್ದರಿಂದ, ಜೆಡಿಎಸ್ ಕೂಡ ಕೈ ಜೋಡಿಸಿದ್ದರಿಂದ ಕಾಂಗ್ರೆಸ್ಸಿನ ಮೇಯರ್ ಬಂದರು. ದೂರದ ಜಿಲ್ಲೆಗಳ ವಿಳಾಸ ತೋರಿಸಿ ಪ್ರಯಾಣ ಭತ್ಯೆ ಪಡೆಯುತ್ತಿದ್ದ ಪರಿಷತ್ ಸದಸ್ಯರು ಮೇಯರ್ ಚುನಾವಣೆಗಾಗಿ ಬೆಂಗಳೂರಿನ ವಿಳಾಸ ಕೊಟ್ಟರೆಂಬ ದೂರೂ ಎದ್ದಿತು. ನಮ್ಮ ಮನೆ ಕದಲದೆ ವಾರ್ಡ್ ಬದಲಾಯಿತು. ಇವರು ಮನೆಯನ್ನೇ ಹೊತ್ತು ತಿರುಗಬಲ್ಲರು.

ನಾವು ಗೆಲ್ಲಿಸಿದವರು ಗೆದ್ದ ಪಕ್ಷದಲ್ಲೇ ಉಳಿದರೆ ಅದೇ ನಮ್ಮ ಪುಣ್ಯ. 2019ರ ಹದಿನೇಳು ಮಂದಿ ಶಾಸಕರ ಕಥೆ ನಿಮಗೆ ಗೊತ್ತಿದೆ. ಆದರೂ ಅದರ ಸೊಬಗು ಹೇಳಿದಷ್ಟೂ ತೀರುವುದಿಲ್ಲ. ಅವರಲ್ಲಿ ಹೆಚ್ಚಿನವರು ರಾಜೀನಾಮೆ ಬರೆದು ಮುಂಬೈಗೆ ಹಾರಿದರು, ಕುಮಾರಸ್ವಾಮಿಯವರ ಜೆಡಿಎಸ್–ಕಾಂಗ್ರೆಸ್ ಸರ್ಕಾರ ಬಿತ್ತು, ಸಭಾಧ್ಯಕ್ಷರು ಹದಿನೇಳೂ ಮಂದಿಯನ್ನು ಅನರ್ಹಗೊಳಿಸಿದರು. ಅನರ್ಹತೆ ಸರಿಯೇ, ಆದರೆ ಮತ್ತೆ ಸ್ಪರ್ಧಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹನ್ನೊಂದು ಮಂದಿಯನ್ನು ನಾವೇ ಗೆಲ್ಲಿಸಿ ಕಳುಹಿಸಿದೆವು. ಫೆಬ್ರವರಿಯಲ್ಲಿ ಹತ್ತು ಮಂದಿ ಮಂತ್ರಿಗಳಾದರು. ಸೋತವರಲ್ಲೊಬ್ಬರಿಗೆ ಬೇಸರವಾಗಬಾರದೆಂದು ವಿಧಾನ ಪರಿಷತ್ತಿನ ಬಾಗಿಲು ತೆರೆದು ಅವರನ್ನೂ ಮಂತ್ರಿ ಮಾಡಿದರು. ‘ಅನರ್ಹ ಶಾಸಕರು’ ಎಂಬುದು ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಿರುದಿನಂತೆ ಹೆಸರಿನ ಹಿಂದೆ ಅಚ್ಚಾಗುತ್ತಿತ್ತು. ಹೀಗೆ ಯಾರ ಸರ್ಕಾರ ಬಿತ್ತೋ ಅವರು ಈಗ ಬೀಳಿಸಿದವರ ಜೊತೆಗೇ ದೆಹಲಿಯಲ್ಲಿ ಕೇಂದ್ರ ಸಚಿವರು. ಅಂದು ಟಿ.ವಿ. ಮುಂದೆ ಕೂತು ಅಣ್ಣ ತಮ್ಮಂದಿರು ಜಗಳವಾಡಿ ಮಾತು ಬಿಟ್ಟ ಮನೆಗಳು ನನಗೆ ಗೊತ್ತು. ನಾಯಕರು ರಾಜಿಯಾದರು, ಆ ಮನೆಗಳಲ್ಲಿ ಮಾತು ಇನ್ನೂ ಹತ್ತಿಲ್ಲ.

ನಮ್ಮ ಬೀದಿಯ ಆಕಾಂಕ್ಷಿಯೊಬ್ಬರು ಪ್ರತಿ ಜನವರಿಯಲ್ಲಿ ಕ್ಯಾಲೆಂಡರ್ ಹಂಚುತ್ತಾರೆ. ಒಳ್ಳೆಯ ಕ್ಯಾಲೆಂಡರ್. ರಾಹುಕಾಲ, ಸಂಕಷ್ಟಿ, ಸರ್ಕಾರಿ ರಜೆ ಎಲ್ಲವೂ ಇರುತ್ತವೆ, ಹಾಲಿನ ಲೆಕ್ಕ ಬರೆಯಲು ಜಾಗವೂ ಇರುತ್ತದೆ. ಹಳೆಯವನ್ನು ಪುಸ್ತಕಗಳಿಗೆ ರಟ್ಟು ಹಾಕಲೆಂದು ನನ್ನ ಹೆಂಡತಿ ಎತ್ತಿಟ್ಟಿದ್ದಳು. ಮೊನ್ನೆ ಎಲ್ಲವನ್ನೂ ಸಾಲಾಗಿ ಹಾಸಿ ನೋಡಿದೆವು. ಒಂದರಲ್ಲಿ ಅವರ ತಲೆಯ ಮೇಲೆ ಹಸ್ತವಿದೆ, ಮುಂದಿನದರಲ್ಲಿ ತೆನೆ ಹೊತ್ತ ಮಹಿಳೆ, ಅದರ ಮುಂದಿನದರಲ್ಲಿ ಕಮಲ. ಬಿಳಿ ಅಂಗಿ ಅದೇ, ಮುಗಿದ ಕೈ ಅದೇ, ಕೈಯಲ್ಲಿನ ದಪ್ಪ ಬಂಗಾರದ ಬ್ರೇಸ್‌ಲೆಟ್ ಅದೇ. ವಾರ್ಡ್ ಮಹಿಳೆಗೆ ಮೀಸಲಾಗಬಹುದೆಂಬ ಸುದ್ದಿ ಹಬ್ಬಿದ ವರ್ಷ ಅವರ ಧರ್ಮಪತ್ನಿಯ ಚಿತ್ರ ಬಂತು, ಅಂಚೆಚೀಟಿಯ ಗಾತ್ರದಲ್ಲಿ. ಸುದ್ದಿ ಸುಳ್ಳಾಗಿರಬೇಕು, ಮರುವರ್ಷ ಆಕೆ ನಾಪತ್ತೆ. ಈ ಸಲದ ಕ್ಯಾಲೆಂಡರಿನಲ್ಲಿ ಯಾವ ಚಿಹ್ನೆಯೂ ಇಲ್ಲ, ‘ಸಮಾಜ ಸೇವಕರು’ ಎಂದಷ್ಟೇ ಇದೆ. ಹಾಗೆಂದರೆ ಮೂರೂ ಕಡೆ ಮಾತುಕತೆ ನಡೆಯುತ್ತಿದೆ ಎಂದು ಅರ್ಥ.

ನೋಟಾ ಒತ್ತಿ ಎನ್ನುವ ಸ್ನೇಹಿತರಿದ್ದಾರೆ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ಹಿಂತೆಗೆದು ಬಿಜೆಪಿಗೆ ಹೋದರು. ಅಲ್ಲಿಯ ಎರಡು ಲಕ್ಷಕ್ಕೂ ಹೆಚ್ಚು ಜನ ನೋಟಾ ಒತ್ತಿದರು, ಆ ಗುಂಡಿ ಎರಡನೆಯ ಸ್ಥಾನಕ್ಕೆ ಬಂತು. ಬಿಜೆಪಿ ಅಭ್ಯರ್ಥಿ ಹನ್ನೊಂದು ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದು ದೆಹಲಿಗೆ ಹೋದರು. ನೋಟಾಕ್ಕೆ ಮೊದಲನೆಯ ಸ್ಥಾನ ಬಂದಿದ್ದರೂ ಅದನ್ನು ಯಾರೂ ಲೋಕಸಭೆಯಲ್ಲಿ ಕೂರಿಸುತ್ತಿರಲಿಲ್ಲ. ಅದರ ಹಿಂದೆ ಇದ್ದವರು ಗೆದ್ದರು ಎನ್ನುತ್ತಿದ್ದರು. ನಮ್ಮ ಸಿಟ್ಟಿಗೂ ಯಂತ್ರದಲ್ಲಿ ಒಂದು ಗುಂಡಿ ಕೊಟ್ಟಿದ್ದಾರೆ, ತಂತಿ ಮಾತ್ರ ಜೋಡಿಸಿಲ್ಲ.

ಇಷ್ಟಾದರೂ ಬೈಗುಳ ನಮಗೇ. ಬೆಂಗಳೂರಿಗರು ಸೋಮಾರಿಗಳು, ರಜೆ ಕೊಟ್ಟರೆ ನಂದಿ ಬೆಟ್ಟಕ್ಕೆ ಹೋಗುತ್ತಾರೆ, 2015ರಲ್ಲಿ ಅರ್ಧದಷ್ಟು ಜನವೂ ಮತ ಹಾಕಲಿಲ್ಲ ಎಂದು ಪ್ರತಿ ಚುನಾವಣೆಯ ಮರುದಿನ ಸಂಪಾದಕೀಯ ಬರುತ್ತದೆ. ನಮ್ಮನ್ನು ಮತಗಟ್ಟೆಗೆ ಎಳೆಯಲು ಶಾಯಿ ಬೆರಳಿಗೆ ಉಚಿತ ದೋಸೆ ಕೊಡುವ ಹೋಟೆಲುಗಳೂ ಇವೆ, ಅದಕ್ಕಾಗಿ 2024ರಲ್ಲಿ ಅವರು ಹೈಕೋರ್ಟಿಗೆ ಹೋಗಿ ಅನುಮತಿ ತಂದರು. ದೋಸೆಗೆ ಕೋರ್ಟಿನ ಒಂದು ಮಾತು ಸಾಕಾಯಿತು. ಚುನಾವಣೆಗೆ ಕೋರ್ಟು ಎಷ್ಟು ಸಲ ಹೇಳಿದರೂ ಸಾಲುತ್ತಿಲ್ಲ.

ನಗೆ ಇಲ್ಲಿಗೆ ಸಾಕು. 2023ರ ಮೇ 21ರ ಭಾನುವಾರ, ಹೊಸ ಸರ್ಕಾರ ಪ್ರಮಾಣ ವಚನ ಸ್ವೀಕರಿಸಿದ ಮರುದಿನ, ಒಂದು ಮಳೆ ಬಂತು. ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನಿಂತ ನೀರಿಗೆ ಕಾರು ಸಿಕ್ಕಿ ಯುವತಿಯೊಬ್ಬಳು ಸತ್ತಳು. ವಿಧಾನಸೌಧದಿಂದ ಕೂಗಳತೆಯ ದೂರ. ಮೋರಿಯಲ್ಲಿ ಹೂಳು ತುಂಬಿತ್ತೇ, ಬ್ಯಾರಿಕೇಡ್ ಏಕೆ ಇರಲಿಲ್ಲ ಎಂದು ಯಾವ ಕಾರ್ಪೊರೇಟರನ ಕೊರಳಪಟ್ಟಿ ಹಿಡಿದು ಕೇಳಬೇಕಿತ್ತು? ಆ ದಿನ ಊರಿನಲ್ಲಿ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಹಿಂದಿನ ಸರ್ಕಾರದ ತಪ್ಪು ಎನ್ನಲು ಹೊಸಬರಿಗೆ ಹಿಂದಿನವರಿದ್ದರು, ಈಗಿನವರ ತಪ್ಪು ಎನ್ನಲು ಹಿಂದಿನವರಿಗೆ ಹೊಸಬರಿದ್ದರು. ಕಾರ್ಪೊರೇಟರುಗಳು ಇದ್ದಾಗ ಊರು ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬೈಯಲು, ಮನೆ ಬಾಗಿಲಿಗೆ ಹೋಗಿ ನಿಲ್ಲಲು, ಮುಂದಿನ ಸಲ ಸೋಲಿಸಲು ಒಬ್ಬ ಮನುಷ್ಯನಿದ್ದ. ಅಷ್ಟನ್ನೂ ಕಿತ್ತುಕೊಂಡರು. ಮೂರೂ ಪಕ್ಷದವರು ಸೇರಿ ಕಿತ್ತುಕೊಂಡರು. ಈಗ ಐದು ಪಾಲಿಕೆಗಳ ನೆತ್ತಿಯ ಮೇಲೆ ಮುಖ್ಯಮಂತ್ರಿಯ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ ಕೂತಿದೆ. ಚರಂಡಿಯ ಬಗ್ಗೆ ಇನ್ನು ನೇರವಾಗಿ ಮುಖ್ಯಮಂತ್ರಿಯನ್ನೇ ಕೇಳಬಹುದು, ಭದ್ರತಾ ಸಿಬ್ಬಂದಿ ಬಿಟ್ಟರೆ.

ಈ ಬಾರಿ ಮಾತ್ರ ಖಂಡಿತ ಎನ್ನುತ್ತಿದ್ದಾರೆ. ಕೋರ್ಟು ಗಡುವು ಕೊಟ್ಟಿದೆಯಂತೆ. ಅದಕ್ಕೇ ಇರಬೇಕು, ಕಳೆದ ವಾರ ಇಬ್ಬರು ಹುಡುಗರು ಮತದಾರರ ಪಟ್ಟಿ ಹಿಡಿದು ಗೇಟಿನ ಬಳಿ ನಿಂತಿದ್ದರು.

“ಸಾರ್, ನಿಮ್ಮ ಮನೆಯಲ್ಲಿ ಎಷ್ಟು ಓಟು?”

“ಯಾವ ಪಕ್ಷದಿಂದ ಬಂದಿದ್ದೀರಪ್ಪ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ದೊಡ್ಡವನು ಹೇಳಿದ: “ಅದು ಇನ್ನೂ ತೀರ್ಮಾನವಾಗಿಲ್ಲ ಸಾರ್, ಬಿ ಫಾರಂ ಬಂದ ಮೇಲೆ ಅಣ್ಣ ಹೇಳುತ್ತಾರೆ. ಕುಕ್ಕರ್ ಮಾತ್ರ ಐದು ಲೀಟರಿನದು.”

ಮೂರು ಓಟು ಎಂದು ಬರೆದುಕೊಂಡು, ಪಕ್ಕದ ಮನೆಯ ನಾಯಿ ಕಚ್ಚುತ್ತದೆಯೇ ಎಂದು ಕೇಳಿಕೊಂಡು ಮುಂದೆ ಹೋದರು.