ಚಳಿಗೆ ಹೆದರದ ಗ್ರಾಮೆಟ್

ಪಡ್ಡಿನ ಹಂಚಿಗೆ ಹಿಟ್ಟು ಒಂದು ಚಮಚ ಜಾಸ್ತಿ ಬಿದ್ದರೆ ಗುಳಿ ತುಂಬಿ ಹೊರಗೆ ಹರಿದು, ಪಡ್ಡಿನ ಸುತ್ತ ತೆಳ್ಳಗೆ ಒಂದು ರೆಕ್ಕೆ ಮೂಡುತ್ತದಲ್ಲ, ನನ್ನ ಹೊಟ್ಟೆಪಾಡು ಅದರದ್ದೇ. ನಮ್ಮಲ್ಲಿ ಹಿಟ್ಟಿನ ಜಾಗದಲ್ಲಿ ರಬ್ಬರ್, ಹಂಚಿನ ಜಾಗದಲ್ಲಿ ಮೋಲ್ಡ್, ರೆಕ್ಕೆಯ ಹೆಸರು ಫ್ಲ್ಯಾಶ್. ಪಡ್ಡಿನ ರೆಕ್ಕೆಗಾಗಿ ಮಕ್ಕಳು ಜಗಳವಾಡುತ್ತಾರೆ. ರಬ್ಬರಿನ ರೆಕ್ಕೆ ಕಂಡರೆ ಗಿರಾಕಿ ಜಗಳಕ್ಕೆ ಬರುತ್ತಾನೆ.

ಪೀಣ್ಯದ ನಮ್ಮ ಪುಟ್ಟ ಶೆಡ್ಡಿನಿಂದ ಗ್ರಾಮೆಟ್‌ಗಳು, ಅಂದರೆ ತಂತಿ ಹಾಯುವ ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆಗಳು, ಮೂಟೆಗಟ್ಟಲೆ ಸುತ್ತಮುತ್ತಲ ಮನೆಗಳಿಗೆ ಹೋಗುತ್ತವೆ. ಹೆಂಗಸರು ಟೀವಿ ಮುಂದೆ ಕೂತು ಒಂದೊಂದೇ ರೆಕ್ಕೆ ಕತ್ತರಿಸುತ್ತಾರೆ. ಸೀರಿಯಲ್ಲಿನಲ್ಲಿ ಸೊಸೆಯ ಹಾಲಿಗೆ ಅತ್ತೆ ವಿಷ ಬೆರೆಸಿದ ವಾರ ನಮ್ಮ ರಿಜೆಕ್ಷನ್ ಏರುತ್ತದೆ.

ಕೊನೆಗೆ ಓನರ್ ಬೇಸತ್ತು, ಕ್ರಯೋಜೆನಿಕ್ ಡಿಫ್ಲ್ಯಾಶಿಂಗ್, ಅಂದರೆ ಚಳಿಯಲ್ಲಿ ಮರಗಟ್ಟಿಸಿ ರೆಕ್ಕೆ ಉದುರಿಸುವ ಕೆಲಸ, ಮಾಡಿಕೊಡುವವರ ಹತ್ತಿರ ನನ್ನನ್ನು ಕಳಿಸಿದರು. ಅಲ್ಲಿ ಮಾಲನ್ನು ತಿರುಗುವ ಬುಟ್ಟಿಗೆ ಸುರಿದು ದ್ರವ ನೈಟ್ರೋಜನ್ ಬಿಡುತ್ತಾರೆ. ಅದು ಕುದಿಯುವುದೇ ಮೈನಸ್ 196 ಡಿಗ್ರಿಯಲ್ಲಿ! ತೆಳುವಾದ ರೆಕ್ಕೆ ಮೊದಲು ಹಪ್ಪಳವಾಗುತ್ತದೆ. ದಪ್ಪ ಮೈಗೆ ಚಳಿ ಇಳಿಯುವ ಮೊದಲೇ ಒಂದು ಚಕ್ರ ಸಣ್ಣ ಸಣ್ಣ ಪಾಲಿಕಾರ್ಬೊನೇಟ್ ಕಾಳುಗಳನ್ನು ರಪರಪನೆ ಬೀಸಿ ಹೊಡೆಯುತ್ತದೆ, ರೆಕ್ಕೆ ಪುಡಿಯಾಗುತ್ತದೆ. ಹೊತ್ತು ಮೀರಿದರೆ ಗ್ರಾಮೆಟ್ಟಿಗೂ ಚಕ್ಕುಲಿಯ ಗತಿ. ಆಪರೇಟರ್ ಹುಡುಗ ಆ ಕಾಳನ್ನು ನನ್ನ ಅಂಗೈಗೆ ಹಾಕಿದ. ಥೇಟ್ ಸಬ್ಬಕ್ಕಿ.

ನನ್ನ ಗ್ರಹಚಾರ ಕೆಟ್ಟಿದ್ದು ಅಲ್ಲೇ. ಅವರ ರೇಟು ಕೇಳಿ ಬಸ್ಸಿನಲ್ಲಿ ವಾಪಸ್ಸಾಗುವಾಗ, ಮನೆಯಲ್ಲೇ ಫ್ರೀಜರ್ ಇದೆ, ಸಬ್ಬಕ್ಕಿಯೂ ಇದೆ, ಇನ್ನೇನು ಬೇಕು ಅನ್ನಿಸಿಬಿಟ್ಟಿತು.

ಶನಿವಾರ ರಾತ್ರಿ ಎರಡು ಡಜನ್ ನೈಟ್ರೈಲ್ ರಬ್ಬರಿನ ಗ್ರಾಮೆಟ್‌ಗಳು ಟಿಫನ್ ಡಬ್ಬಿಯಲ್ಲಿ ಹಿತಕಿದ ಬೇಳೆಯ ಪಕ್ಕ ಮಲಗಿದವು. ಬೆಳಿಗ್ಗೆ ಮನೆಯವರು ಏಳುವ ಮೊದಲೇ ಅದಕ್ಕೆ ಸಬ್ಬಕ್ಕಿ ಸುರಿದು, ಮುಚ್ಚಳ ಹಾಕಿ, ಹತ್ತು ನಿಮಿಷ ಕುಲುಕಿದೆ.

“ರೀ, ಏನ್ರೀ ಅದು ಗಿಲಕಿ ಸದ್ದು?” ಒಳಗಿನಿಂದ ಹೆಂಡತಿ.

“ಎಕ್ಸರ್‌ಸೈಜ್ ಕಣೆ.”

ತೆಗೆದು ನೋಡಿದರೆ ರೆಕ್ಕೆಗಳೆಲ್ಲ ಇದ್ದ ಹಾಗೇ ಇವೆ, ಬಗ್ಗಿಸಿದರೆ ಬಗ್ಗುತ್ತಿವೆ. ಮೊದಲೇ ಹರಿದು ನೇತಾಡುತ್ತಿದ್ದ ನಾಲ್ಕಾರು ಚೂರು ಉದುರಿದ್ದವು, ಅಷ್ಟೇ. ನಮ್ಮ ಫ್ರೀಜರಿನ ಮೈನಸ್ 18 ಡಿಗ್ರಿ ಆ ರಬ್ಬರಿಗೆ ಮಡಿಕೇರಿಯ ಡಿಸೆಂಬರ್ ಇದ್ದಂತೆ, ಒಂದು ಸ್ವೆಟರಿನಲ್ಲಿ ಮುಗಿದುಹೋಗುತ್ತದೆ. ಅದೂ ಅಲ್ಲದೆ ಅಷ್ಟು ತೆಳು ರೆಕ್ಕೆ, ಫ್ರೀಜರಿನಿಂದ ಹೊರಬಂದ ಗಳಿಗೆಯಲ್ಲೇ ಬೆಚ್ಚಗಾಗಿರುತ್ತದೆ. ಇಷ್ಟೂ ಹೊಳೆದದ್ದು ತೋಳು ನೋಯತೊಡಗಿದ ಮೇಲೆ.

ಗ್ರಾಮೆಟ್‌ಗಳನ್ನು ಜರಡಿಯಲ್ಲಿ ತಡೆದು, ಸಬ್ಬಕ್ಕಿಯನ್ನು ಮರ್ಯಾದೆಯಾಗಿ ಅದರ ಡಬ್ಬಕ್ಕೇ ಸೇರಿಸಿದೆ. ಉದುರಿದ ರಬ್ಬರ್ ಚೂರೂ ಅದೇ ಜರಡಿಯಲ್ಲಿ ಇಳಿಯುತ್ತದೆ ಎಂಬುದು ಕ್ವಾಲಿಟಿ ಇನ್‌ಸ್ಪೆಕ್ಟರ್ ಆದ ನನಗೆ ಹೊಳೆಯಲಿಲ್ಲ.

ತಿಂಗಳ ನಂತರ ಅತ್ತೆ ಬಂದರು. ಊಟಕ್ಕೆ ಸಬ್ಬಕ್ಕಿ ಸಂಡಿಗೆ.

“ಹೂವಿನ ಹಾಗೆ ಅರಳಿದೆ ಕಣೆ,” ಅಂದರು ಅತ್ತೆ. ಒಂದಿಷ್ಟು ಹೊತ್ತು ಜಗಿದರು. “ಆದ್ರೆ ಈ ಎಳ್ಳು ಯಾಕೋ ಹಲ್ಲಿಗೇ ಸಿಗ್ತಿಲ್ಲ.”

“ನಾನು ಎಳ್ಳು ಹಾಕಿಲ್ವಲ್ಲಮ್ಮ?”

ಮಿಕ್ಕ ಸಂಡಿಗೆಯನ್ನೆಲ್ಲ ನನ್ನ ತಟ್ಟೆಗೆ ಬಗ್ಗಿಸಿಕೊಂಡು ಗಬಗಬನೆ ತಿನ್ನತೊಡಗಿದೆ.