ನೋಟ್‌ಬುಕ್ಕಿನ ಬಾಳೆ ಮೀನು

ನಾವು ಹಿಡಿಯಬೇಕೆಂದಿರುವ ಬಾಳೆ ಮೀನು ಮೊದಲ ವರ್ಷ 6 ಕೆಜಿ ಇತ್ತು. ಮರುವರ್ಷ 9 ಆಯಿತು. ಈಚೆಗೆ ಭಾವ ನೋಟ್‌ಬುಕ್ ತೆಗೆದು ತೋರಿಸಿದಾಗ 15ಕ್ಕೆ ಬಂದಿತ್ತು. ಮೀನನ್ನು ನಾವು ಯಾರೂ ಇನ್ನೂ ಕಂಡಿಲ್ಲ. ತುಂಗಭದ್ರೆಯಲ್ಲಿ ಹೇಗಿದೆಯೋ ಏನೋ, ನೋಟ್‌ಬುಕ್ಕಿನಲ್ಲಂತೂ ಚೆನ್ನಾಗಿ ಮೈ ತುಂಬಿಕೊಳ್ಳುತ್ತಿದೆ.

ಬಾಳೆ ಎಂದರೆ ಹಣ್ಣು ನೆನಪಾಗುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಇದು ನದಿಯ ಕ್ಯಾಟ್‌ಫಿಶ್. ತಮಿಳರಿಗೆ ವಾಳೈ, ತೆಲುಗರಿಗೆ ವಾಲುಗ, ನಮಗೆ ಬಾಳೆ. ಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ವಲ್ಲಾಗೋ ಅಟ್ಟು ಎಂದಿದೆ. ಲ್ಯಾಟಿನ್ನು ಅಂತ ಹೆದರಬೇಕಿಲ್ಲ, ಅದೂ ಇಲ್ಲಿಂದಲೇ ಹೋದ ಹೆಸರು. ಮೈಮೇಲೆ ಹುರುಪೆ ಇಲ್ಲ. ಬಾಲದ ಕಡೆ ಚಪ್ಪಟೆ. ಎರಡು ಉದ್ದ ಮೀಸೆ, ಎರಡು ಗಿಡ್ಡ ಮೀಸೆ. ಬಾಯಿಯ ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುತ್ತದೆ. ತೆರೆದರೆ ಮುಖವೇ ಇಲ್ಲ, ಬರೀ ಬಾಯಿ. ಹಗಲು ಮಡುವಿನ ತಳದಲ್ಲಿ, ದಡದ ಪೊಟರೆಯಲ್ಲಿ ಬಿದ್ದಿರುತ್ತದೆ. ರಾತ್ರಿ ಬೇಟೆಗೆ ಹೊರಡುತ್ತದೆ. ಆಳುದ್ದ ಬೆಳೆಯುವ ಜಾತಿ.

ಇಷ್ಟು ಹೇಳಿದ್ದಕ್ಕೇ ನನ್ನ ಹೆಂಡತಿ, "ರೀ, ಕ್ಯಾಟ್‌ಫಿಶ್ ಅಂದ್ರೆ ಆ ಕೊಳಚೆ ಹೊಂಡದಲ್ಲಿ ಸಾಕ್ತಾರಲ್ಲ ಅದಾ? ಅದನ್ನ ಮನೆಯೊಳಗೆ ತರಬೇಡಿ" ಎಂದಳು. ಅವಳು ಹೇಳುತ್ತಿದ್ದುದು ಆಫ್ರಿಕಾದಿಂದ ಬಂದ ಕ್ಯಾಟ್‌ಫಿಶ್. ಅದನ್ನು ಸಾಕುವುದಕ್ಕೆ 2000ದಲ್ಲೇ ನಿಷೇಧವಾಗಿದೆ. ಕಸಾಯಿಖಾನೆಯ ಕಸ ಹಾಕಿ ಕದ್ದು ಸಾಕುವವರು ಇನ್ನೂ ಇದ್ದಾರೆ. ಅದರ ಕೆಟ್ಟ ಹೆಸರು ಮೀಸೆ ಇರುವ ಎಲ್ಲ ಮೀನಿಗೂ ಅಂಟಿಕೊಂಡಿದೆ. ಬಾಳೆ ನಮ್ಮದೇ ಹೊಳೆಯ ಹಳೆಯ ಮನೆತನ ಎಂದು ವಕಾಲತ್ತು ವಹಿಸಿದೆ. "ನೋಡೋಣ" ಎಂದಳು.

ಇನ್ನು ಜಾಗದ ಪ್ರಶ್ನೆ. ಮೊದಲ ವರ್ಷ ಇದರಲ್ಲೇ ಕಳೆಯಿತು. ಭಾವನಿಗೆ ಕಾವೇರಿಯ ಭೀಮೇಶ್ವರಿಯ ಮೇಲೆ ಮನಸ್ಸು. ಅಲ್ಲಿಗೆ ಒಂದು ಕಾಲದಲ್ಲಿ ದೇಶ ದೇಶದಿಂದ ಗಾಳ ಹಾಕುವವರು ಬರುತ್ತಿದ್ದರು. ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಚುಚ್ಚಿ ಬಿಳಿಮೀನಿಗೆ, ಅಂದರೆ ಮಹಸೀರ್‌ಗೆ, ಕಾಯುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದದ್ದನ್ನು ಭಾವ ತಾವೇ ಹಿಡಿದ ಹಾಗೆ ಹೇಳುತ್ತಾರೆ. ಅದು ಬಿಳಿಮೀನು, ನಾವು ಹೊರಟಿರುವುದು ಬಾಳೆಗೆ ಎಂದರೆ, "ನೀರು ಒಂದೇ ಅಲ್ವೇನಯ್ಯಾ" ಎನ್ನುತ್ತಾರೆ. ಆದರೆ ಭೀಮೇಶ್ವರಿ ವನ್ಯಧಾಮದ ಸೀಮೆ. ಗಾಳ ಹಾಕುವ ಕಾಲ ಅಲ್ಲಿ ಮುಗಿದಿದೆ. ಕಾಟು ಹೊಡೆದೆವು.

ಹೊಸಪೇಟೆ ಅಣೆಕಟ್ಟಿನ ಕೆಳಗೆ? ಅಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಮೀನು ಹಿಡಿಯುವುದರಲ್ಲಿ ಅವು ನಮಗಿಂತ ಸೀನಿಯರ್. ಶೃಂಗೇರಿ, ಶಿಶಿಲದ ಮೀನುಗಳು ದೇವರವು, ಅವಕ್ಕೆ ಮಂಡಕ್ಕಿ ಹಾಕಿ ಕೈ ಮುಗಿಯಬಹುದು ಅಷ್ಟೆ. ಹೀಗೆ ಕರ್ನಾಟಕವನ್ನೆಲ್ಲ ಸುತ್ತಿ, ಕೊನೆಗೆ ಹೊನ್ನಾಳಿಗೂ ಹರಿಹರಕ್ಕೂ ನಡುವೆ, ನನ್ನ ಅಜ್ಜನ ಊರಿನ ಮಡುವಿಗೇ ಬಂದು ನಿಂತೆವು. ನನ್ನ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದದ್ದು ಅದೇ. ಬಾಯಿ ಬಿಟ್ಟಿರಲಿಲ್ಲ.

ಅದಕ್ಕೆ ಕಾರಣ ಒಂದು ನಶ್ಯದ ಡಬ್ಬಿ. ಆರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಅದೇ ಮಡುವಿನ ದಡದ ಜಾಲಿ ಮರಕ್ಕೆ ರಾತ್ರಿ ಗಾಳ ಕಟ್ಟಿ ಬಂದಿದ್ದೆ. ಒಂದು ಜೀವಂತ ಸಸಲು ಮರಿಮೀನು ಚುಚ್ಚಿದ್ದೆ. ಬೆಳಿಗ್ಗೆ ಹೋದರೆ ದಾರ ಸಡಿಲಾಗಿ ನೀರ ಮೇಲೆ ತೇಲುತ್ತಿತ್ತು. ಎಳೆದೆ. ಗಾಳ ಇತ್ತು, ಆದರೆ ಬಾಗು ಇರಲಿಲ್ಲ. ಗುಂಡುಸೂಜಿಯ ಹಾಗೆ ನೆಟ್ಟಗಾಗಿತ್ತು. ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿ, "ಬಾಳೆ" ಎಂದರು. ಇನ್ನೇನೂ ಹೇಳಲಿಲ್ಲ. ಆ ಗಾಳ ಅಜ್ಜನ ನಶ್ಯದ ಡಬ್ಬಿಯಲ್ಲಿ, ನಮ್ಮ ಬೀರುವಿನಲ್ಲಿ ಈಗಲೂ ಇದೆ. ಬಂಡೆಗೆ ಸಿಕ್ಕಿ ಹಾಗಾಗಿರುತ್ತದೆ ಎಂದು ಭಾವ ವಾದಿಸುತ್ತಾರೆ. ಬಂಡೆ ಸಸಲು ತಿನ್ನುತ್ತದಾ?

ಜಾಗ ಸಿಕ್ಕಿದ ಮೇಲೆ ದಿನ ಸಿಗಬೇಕು. ಇದು ಜಾಗಕ್ಕಿಂತ ಕಷ್ಟ. ಮುಂಗಾರು ಬಿದ್ದು ಹೊಳೆಗೆ ಹೊಸ ನೀರು ಬಂದರೆ ಬಾಳೆ ಮೊಟ್ಟೆಯಿಡಲು ಮೇಲಕ್ಕೆ, ನೆರೆ ನಿಂತ ತಗ್ಗಿಗೆ ಹತ್ತುತ್ತದೆ. ಹೊಟ್ಟೆಯಲ್ಲಿ ಮೊಟ್ಟೆ ಹೊತ್ತು ಹೊರಟ ಮೀನನ್ನು ದಾರಿಯಲ್ಲಿ ಅಡ್ಡಗಟ್ಟುವುದು ನನಗೆ ಸರಿಬರುವುದಿಲ್ಲ. ಮಳೆಗಾಲ ಪೂರ್ತಿ ಹೊಳೆ ಕೆಂಪು. ಚಳಿಗಾಲದಲ್ಲಿ ಮೀನು ಮಂಕು. ಉಳಿದದ್ದು ಯುಗಾದಿಯಿಂದ ಮುಂಗಾರಿನ ತನಕ. ನೀರು ಇಳಿದು, ಮೀನೆಲ್ಲ ಮಡುವಿಗೆ ಸೇರುವ ಕಾಲ. ಆದರೆ ನಮ್ಮ ನೆಂಟರಿಷ್ಟರ ಮದುವೆಗಳೆಲ್ಲ ಇರುವುದೂ ಆಗಲೇ. ಬಾಳೆಗೂ ಬೀಗರಿಗೂ ಒಂದೇ ಸೀಸನ್ನು. ಹೋದ ವರ್ಷ ಏಪ್ರಿಲ್ ಮೇ ಎರಡೇ ತಿಂಗಳಲ್ಲಿ ಹನ್ನೊಂದು ಮದುವೆ ಉಂಡೆವು, ಒಂದು ಮೀನು ಹಿಡಿಯಲಿಲ್ಲ.

ಅದರ ಮೇಲೆ ತಿಥಿಯ ತಕರಾರು. ಕತ್ತಲಿದ್ದರೆ ಬಾಳೆ ಧೈರ್ಯವಾಗಿ ಹೊರಬರುತ್ತದೆ, ಹಾಗಾಗಿ ಅಮಾವಾಸ್ಯೆ ಆಗಬೇಕು ಎಂದು ಭಾವ. ಅಮಾವಾಸ್ಯೆ ರಾತ್ರಿ ಹೊಳೆದಂಡೆಗಾ, ಬುದ್ಧಿ ಇದೆಯಾ ಎಂದು ಅಕ್ಕ. ಫೋನಿನಲ್ಲಿ ಅರ್ಧ ಗಂಟೆ ಚೌಕಾಸಿ ನಡೆದು ಬಿದಿಗೆಗೆ ಇತ್ಯರ್ಥವಾಯಿತು.

ಸಾಮಾನಿನ ಪಟ್ಟಿ ಭಾವನ ಖಾತೆ. ಅವರು ಮೊಬೈಲಿನಲ್ಲಿ ಸ್ಪೇನಿನ ಎಬ್ರೋ ನದಿಯ ವಿಡಿಯೋ ನೋಡಿ ನೋಡಿ ಪಳಗಿದ್ದಾರೆ. ಅಲ್ಲಿನ ಕ್ಯಾಟ್‌ಫಿಶ್ ಎರಡು ಮೀಟರ್ ದಾಟುತ್ತವೆ. ಹಿಡಿದವರು ಅದನ್ನು ತಬ್ಬಿಕೊಂಡು ಫೋಟೋ ತೆಗೆಸಿ ವಾಪಸ್ ನೀರಿಗೆ ಬಿಡುತ್ತಾರೆ. "ಬಿಡೋಕೆ ಯಾಕೆ ಹಿಡಿಬೇಕು? ಮೊದಲೇ ಬಿಟ್ಟಿದ್ರೆ ಆಗ್ತಿರಲಿಲ್ವಾ?" ಎಂದು ನನ್ನವಳು. ಇದಕ್ಕೆ ಭಾವನ ಹತ್ತಿರ ಉತ್ತರ ಇಲ್ಲ. ನನ್ನ ಹತ್ತಿರವೂ ಪೂರ್ತಿ ಇಲ್ಲ. ಬಾಳೆ ಮೀನು ಈಗ ಅಳಿವಿನ ಭಯ ಇರುವ ಜೀವಿಗಳ ಪಟ್ಟಿಗೆ ಸೇರಿದೆ. ದೊಡ್ಡದು ಸಿಕ್ಕರೆ ಬಿಟ್ಟುಬಿಡೋಣ, ದೊಡ್ಡ ಹೆಣ್ಣುಮೀನು ಅಂದರೆ ಲಕ್ಷಾಂತರ ಮೊಟ್ಟೆ ಎಂದು ನಾನು ಹೇಳಿದೆ. ಭಾವ ತಲೆಯಾಡಿಸಿದರು. ಹೌದೆಂದರೋ ಇಲ್ಲವೆಂದರೋ ತಿಳಿಯದ ಹಾಗೆ ತಲೆಯಾಡಿಸುವುದರಲ್ಲಿ ಅವರು ನಿಪುಣರು.

ಇಷ್ಟೆಲ್ಲದರ ನಡುವೆ ನಾವು ಒಮ್ಮೆ ಹೋಗಿಯೂ ಬಂದೆವು. ಅದನ್ನು ಭಾವ ಲೆಕ್ಕಕ್ಕೆ ಹಿಡಿಯುವುದಿಲ್ಲ, ಟ್ರಯಲ್ ಎನ್ನುತ್ತಾರೆ. ಲೈಸೆನ್ಸ್ ಇರುವ ಬೆಸ್ತರ ಅಜ್ಜನೊಬ್ಬ ಜೊತೆಗಿದ್ದ. ಹರಿಗೋಲಿನಲ್ಲಿ ಕೂರಿಸಿಕೊಂಡು ಮಡು ತೋರಿಸಿದ. ನನ್ನ ನೆನಪಿನ ಮಡು ಅಲ್ಲಿರಲಿಲ್ಲ. ಜಾಲಿ ಮರವೂ ಇರಲಿಲ್ಲ. ದಡವೇ ಹತ್ತು ಮಾರು ಹಿಂದೆ ಸರಿದಿತ್ತು. "ಮರಳು ತಗದ್ರಲ್ಲ ತಮ್ಮಾ. ಹೊಳಿ ಮಾಡಿದ ಗುಂಡಿ ಯಾವ್ದು, ಲಾರಿ ಮಾಡಿದ ಗುಂಡಿ ಯಾವ್ದು, ನನಗೇ ಗೊತ್ತಾಗಂಗಿಲ್ಲ" ಎಂದ ಅಜ್ಜ. ಭಾವ ಅಳುಕುತ್ತಾ, "ಅಜ್ಜಾ, ಇಲ್ಲಿ ಮೊಸಳೆ ಇದಾವಾ?" ಎಂದು ಕೇಳಿದರು. "ಅದಾವು. ಅವಕ್ಕೆ ಮೀನು ಬೇಕು, ನೀವು ಬ್ಯಾಡ."

ಬಾಳೆಯ ಹಲ್ಲಿಗೆ ನೈಲಾನ್ ದಾರ ನಿಲ್ಲುವುದಿಲ್ಲ, ಗಾಳದ ಮೇಲೆ ಒಂದು ಗೇಣು ಸ್ಟೀಲ್ ತಂತಿ ಬೇಕು. ಪಟ್ಟಿಯಲ್ಲಿ ಅದಕ್ಕೆ ಎರಡು ಸಲ ಗೆರೆ ಎಳೆದಿದ್ದೆವು. ಅದೇ ಮನೆಯಲ್ಲಿ ಉಳಿದಿತ್ತು. ದಾರ ಹಾಗೇ ಬಿಟ್ಟೆವು. ಅಜ್ಜ ಬೀಡಿ ಹಚ್ಚಿ ಹೇಳಿದ, "ಸಣ್ಣ ಮೀನು ಕುಟುಕ್ತಾವು. ಬಾಳಿ ಹಂಗಲ್ಲ, ಹೊತ್ಕಂಡೇ ಹೋಕ್ಕತಿ. ಹೊತ್ಕಂಡು ಹೋಗೋ ತನಕ ಕೈ ಹಚ್ಚಬ್ಯಾಡ್ರಿ." ನಾವು ಕಾದೆವು. ಸೊಳ್ಳೆಗಳೂ ನಮಗೇ ಕಾಯುತ್ತಿದ್ದವು. ಹನ್ನೆರಡರ ಸುಮಾರಿಗೆ ಭಾವನ ದಾರ ಅಲುಗಿತು. ಕುಟುಕಿತು. ಭಾವ ತಡೆಯಲಾರದೆ ಎಳೆದೇಬಿಟ್ಟರು.

ಗಿರ್ಲು. ಅಂಗೈ ಅಷ್ಟು ಉದ್ದ. ಇದೂ ಕ್ಯಾಟ್‌ಫಿಶ್ ಕುಲವೇ, ಬಾಳೆಯ ಬಡ ದಾಯಾದಿ. ಮೀಸೆ ಮಾತ್ರ ಮೈಗಿಂತ ಜಂಬದ್ದು. ಟಾರ್ಚ್ ಬೆಳಕಿನಲ್ಲಿ ಗಿರ್ ಗಿರ್ ಎಂದು ಸದ್ದು ಮಾಡಿ ಬೈಯಿತು. ಗಾಳ ಬಿಡಿಸಲು ಹೋದ ಭಾವನ ಹೆಬ್ಬೆರಳಿಗೆ ರೆಕ್ಕೆಯ ಮುಳ್ಳು ಚುಚ್ಚಿತು. ಬೆಳಗಿನ ತನಕ ಕೈ ಜುಮುಗುಟ್ಟಿ ಅವರು ದಡದ ಮೇಲೆ ಅಡ್ಡಾಡಿದರು. ನಾನು ಗಾಳಗಳನ್ನು ನೋಡುತ್ತಾ ಕೂತಿದ್ದೆ. ಬೆಳಿಗ್ಗೆ ಎಲ್ಲವನ್ನೂ ಎಳೆದು ನೋಡಿದೆ. ಎಲ್ಲದರ ಬಾಗೂ ಹಾಗೇ ಇತ್ತು.

ಈ ವರ್ಷದ ನೋಟ್‌ಬುಕ್ ಮೊನ್ನೆ ಭಾನುವಾರ ನಮ್ಮ ಮನೆಗೆ ಬಂತು. ಭಾವ ಅದನ್ನು ಡೈನಿಂಗ್ ಟೇಬಲ್ ಮೇಲೆ ಬಿಟ್ಟುಹೋಗಿದ್ದರು. ಪಟ್ಟಿ ಇನ್ನೊಂದಿಷ್ಟು ಬೆಳೆದಿದೆ. ಸ್ಟೀಲ್ ತಂತಿ, ಈ ಸಲ ಮೂರು ಗೆರೆ. ಅರಿಶಿನ, ಹತ್ತಿ, ಬ್ಯಾಂಡೇಜ್ ಹೊಸದಾಗಿ ಸೇರಿವೆ. ಸೊಳ್ಳೆ ಬತ್ತಿ 2 ಪ್ಯಾಕೆಟ್. ಅಜ್ಜನಿಗೆ ಬೀಡಿ ಒಂದು ಬಂಡಲ್. ಮೀನಿನ ಅಂದಾಜು ತೂಕ, 15 ಹೊಡೆದು 18. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹುಣಸೆಹಣ್ಣು, ಖಾರದ ಪುಡಿ, ಈರುಳ್ಳಿ 5 ಕೆಜಿ. ಬಿಡುವ ಮೀನಿಗೆ ಈರುಳ್ಳಿ ಯಾಕೆ ಬೇಕಿತ್ತೋ!

ಸಂಜೆ ಮತ್ತೆ ನೋಡಿದೆ. ನನ್ನವಳು ಪೆನ್ನು ಹಿಡಿದು ಕೂತಿದ್ದಳು ಅಂತ ಕಾಣುತ್ತದೆ. ಈರುಳ್ಳಿಯ 5 ಹೊಡೆದು ½ ಮಾಡಿದ್ದಾಳೆ. ಹುಣಸೆಹಣ್ಣಿನ ಮುಂದೆ "ಮನೆಯಲ್ಲಿದೆ" ಎಂದು ಬರೆದಿದ್ದಾಳೆ. ಮೀನಿನ ತೂಕಕ್ಕೆ ಕೈ ಹಚ್ಚಿಲ್ಲ.